ಎಂಜಿನ್ ಆರಿಸಿ, ಕಡಲು ನೋಡಿ

ದಕ್ಷಿಣ ಕನ್ನಡದ ಕೊಯಿಲದ ಗುಡ್ಡಕ್ಕೆ ಬಿದ್ದ ಮಳೆ ಕುಮಾರಧಾರೆಗೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಈ ಮಳೆ ತರುವ ಮುಂಗಾರು ಗಾಳಿಯೇ ಅರಬ್ಬಿ ಸಮುದ್ರದಲ್ಲಿ ಆಳದ ತಂಪು ನೀರನ್ನು ಮೇಲಕ್ಕೆ ತರುತ್ತದೆ. ಆ ನೀರಿನ ಸತ್ವದಿಂದ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕ ಬೆಳೆಯುತ್ತದೆ, ಪ್ಲವಕ ತಿಂದು ಬೂತಾಯಿ ಹೆಚ್ಚುತ್ತದೆ, ಬೂತಾಯಿಯಂಥ ಮೀನಿನ ಹಿಂಡು ಇದ್ದಲ್ಲಿಗೆ ತಿಮಿಂಗಿಲ ಬರುತ್ತದೆ.

ಬೇರೆ ಸಾಗರಗಳ ಗೂನುಬೆನ್ನಿನ ತಿಮಿಂಗಿಲಗಳು ಉಣ್ಣಲು ಧ್ರುವದ ಕಡೆಗೆ, ಹೆರಲು ಬೆಚ್ಚನೆಯ ನೀರಿಗೆ ವರ್ಷವರ್ಷವೂ ವಲಸೆ ಹೋಗುತ್ತವೆ. ಅರಬ್ಬಿ ಸಮುದ್ರದವು ಮಾತ್ರ ಈ ಸಮುದ್ರ ಬಿಟ್ಟು ಹೋಗುವುದಿಲ್ಲ. ಮುಂಗಾರು ಇಲ್ಲೇ ಊಟ ಬಡಿಸುವಾಗ ಹೋಗುವುದಾದರೂ ಏಕೆ? 2017ರಲ್ಲಿ ಒಮಾನ್‌ನ ಮಸೀರಾ ಬಳಿ ಉಪಗ್ರಹ ಟ್ಯಾಗ್ ತೊಡಿಸಿದ ಲುಬಾನ್ ಎಂಬ ಹೆಣ್ಣು ತಿಮಿಂಗಿಲ ಸಮುದ್ರ ದಾಟಿ ಗೋವಾ ಕಡೆಗೆ ಬಂದು, ಅಲ್ಲಿಂದ ದಕ್ಷಿಣಕ್ಕೆ ಭಾರತದ ತುದಿಯವರೆಗೆ ಈಜಿತು. ನಮ್ಮ ಕರಾವಳಿ ಅದರ ದಾರಿಯಲ್ಲೇ ಇದೆ. ಆದರೆ ಒಮಾನ್ ಕಡಲಲ್ಲಿ ಇವು ನೂರೂ ಇಲ್ಲವೆಂದು ವಿಜ್ಞಾನಿಗಳ ಅಂದಾಜು. 1960ರ ದಶಕದಲ್ಲಿ ಸೋವಿಯತ್ ಬೇಟೆ ಹಡಗುಗಳು ಈ ಸಮುದ್ರದಲ್ಲಿ 242 ಗೂನುಬೆನ್ನುಗಳನ್ನು ಕೊಂದಿದ್ದವು.

ಹಾಗಾಗಿ ನಮ್ಮ ಕರಾವಳಿಯಲ್ಲಿ ಯಾರಾದರೂ ತಿಮಿಂಗಿಲ ತೋರಿಸುತ್ತೇವೆಂದು ಮಾತು ಕೊಟ್ಟರೆ ನಂಬಬೇಡಿ. ತಿಮಿಂಗಿಲವನ್ನೇ ನೋಡಬೇಕೆಂದಿದ್ದರೆ ನೀಲಿ ತಿಮಿಂಗಿಲ ಕಾಣುವ ಶ್ರೀಲಂಕಾದ ಮಿರಿಸ್ಸಾಕ್ಕೆ ಹೋಗಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿ ಸುಗ್ಗಿ.

ನಮ್ಮ ನಾಡಿನಲ್ಲೇ ಡಾಲ್ಫಿನ್ ನೋಡುವುದಾದರೆ ಕಾರವಾರ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ದೇವಬಾಗ, ಕೂರ್ಮಗಡದ ಕಡೆಗೆ ಬೆಳಿಗ್ಗೆ ದೋಣಿ ಹತ್ತಿ. ತಿಮಿಂಗಿಲದ ಬಳಗದ್ದೇ ಆದ ಗೂನುಬೆನ್ನಿನ ಡಾಲ್ಫಿನ್‌ಗಳು ಕಾಳಿ ನದಿ ಕಡಲು ಸೇರುವ ಆಳವಿಲ್ಲದ ನೀರಿನಲ್ಲಿ ಮೀನು ಹಿಡಿಯುತ್ತವೆ. ಮೊದಲು ಉದ್ದ ಮೂತಿ ಓರೆಯಾಗಿ ಏಳುತ್ತದೆ, ಫುಸ್ಸೆಂದು ಉಸಿರು ಬಿಡುವ ಸದ್ದು. ಆಮೇಲೆ ಬೂದು ಬೆನ್ನಿನ ದಿಣ್ಣೆ, ಅದರ ಮೇಲೆ ಚಿಕ್ಕ ರೆಕ್ಕೆ. ಬೆನ್ನು ಬಿಲ್ಲಿನಂತೆ ಬಾಗಿತೆಂದರೆ ಆಳಕ್ಕೆ ಮುಳುಗುತ್ತಿದೆ, ಸ್ವಲ್ಪ ಹೊತ್ತು ಕಾಯಬೇಕು. ತಾಯಿಯ ಪಕ್ಕೆಗೆ ಅಂಟಿಕೊಂಡ ಮರಿಯೂ ಕಂಡರೆ ಅದೇ ದೊಡ್ಡ ಭಾಗ್ಯ.

ಇವು ಶಬ್ದದಿಂದಲೇ ಮೀನು ಹುಡುಕುವ, ಒಂದನ್ನೊಂದು ಕರೆಯುವ ಜೀವಿಗಳು. ಹಿಂದೆ ಬಿದ್ದ ದೋಣಿಯ ಗದ್ದಲ ಅವುಗಳ ಊಟವನ್ನೂ ಮಾತನ್ನೂ ಕೆಡಿಸುತ್ತದೆ. ದೂರದಲ್ಲೇ ನಿಂತು, ಎಂಜಿನ್ ಆರಿಸಿ ಕಾದರೆ ಕೆಲವೊಮ್ಮೆ ಅವೇ ಹತ್ತಿರ ಬರುತ್ತವೆ. 'ಇನ್ನೂ ಹತ್ತಿರ ಹೋಗಿ' ಎಂದು ದೋಣಿಯವರನ್ನು ಒತ್ತಾಯಿಸುವವರು ಪ್ರವಾಸಿಗರಾದ ನಾವೇ. ಮುಂದಿನ ಸಲ ಹೋದಾಗ ದಯವಿಟ್ಟು ಆ ಮಾತು ಆಡಬೇಡಿ. ಡಾಲ್ಫಿನ್ ಕಾಣದೆ ಮರಳಿದರೂ ದೋಣಿಯವರಿಗೆ ಪೂರ್ತಿ ಬಾಡಿಗೆ ಕೊಡಿ.