ನಡಿಗೆಯೂ ರೋಗದ ಗತಿಯೂ: ಒಂದು ಸಾಕ್ಷ್ಯವಿಮರ್ಶೆ

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರನ್ನು ವ್ಯಾಯಾಮವು ತಡೆಹಿಡಿಯುತ್ತದೆಂಬ ಮಾತು ಈಚೆಗೆ ಬಹುವಾಗಿ ಕೇಳಿಬರುತ್ತಿದೆ. ವೈದ್ಯಶಾಸ್ತ್ರದಲ್ಲಿ ನಿರ್ಣಯ ನೀಡುವ ಅಧಿಕಾರ ಇತಿಹಾಸದ ಅಧ್ಯಾಪಕನಿಗಿಲ್ಲ. ಆದರೆ ಸಾಕ್ಷ್ಯವು ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಹೇಳುವುದಿಲ್ಲ ಎಂಬುದನ್ನು ಪರಿಶೀಲಿಸುವುದು ಅವನ ನಿತ್ಯದ ಕೆಲಸ.

ಈ ಮಾತಿನ ಆಧಾರಗಳಲ್ಲೊಂದು, ಎರಿನ್ ರಿಚ್‌ಮನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ. ಅಮೆರಿಕದ 1,455 ರೋಗಿಗಳ ಪೈಕಿ ವಾರಕ್ಕೆ 3 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಚುರುಕಾಗಿ ನಡೆಯುತ್ತಿದ್ದವರಲ್ಲಿ, ಕಡಿಮೆ ಕಾಲ ಮೆಲ್ಲಗೆ ನಡೆಯುತ್ತಿದ್ದವರಿಗಿಂತ, ರೋಗವೃದ್ಧಿಯ ಪ್ರಮಾಣ ಶೇಕಡ 57ರಷ್ಟು ಕಡಿಮೆಯಿದ್ದಿತು. ಇಲ್ಲಿ ‘ರೋಗವೃದ್ಧಿ’ ಎಂಬ ಪದದ ಅರ್ಥವನ್ನು ಮೊದಲು ನಿಶ್ಚಯಿಸಬೇಕು. ಲೆಕ್ಕಕ್ಕೆ ಬಂದ 117 ಪ್ರಸಂಗಗಳಲ್ಲಿ 45 ರಕ್ತಪರೀಕ್ಷೆಯಲ್ಲಿ ಕಂಡ ಮರುಕಳಿಕೆಗಳು, 66 ಎರಡನೆಯ ಚಿಕಿತ್ಸೆಗಳು, ರೋಗ ಮೂಳೆಗೆ ಹರಡಿದ್ದು 3, ಮರಣಗಳು 3. ನಡಿಗೆಯು ಮರಣವನ್ನು ತಪ್ಪಿಸಿತೆಂದು ಇದರಿಂದ ಹೇಳಲಾಗದು. ಅದೇ ವರ್ಷ ಸ್ಟೇಸಿ ಕೆನ್‌ಫೀಲ್ಡ್ ಮತ್ತು ಸಂಗಡಿಗರು 2,705 ರೋಗಿಗಳಲ್ಲಿ ಮರಣವನ್ನೇ ಎಣಿಸಿದರು. ವಾರಕ್ಕೆ 3 ಗಂಟೆಯಾದರೂ ಹುರುಪಿನ ವ್ಯಾಯಾಮ ಮಾಡಿದವರಲ್ಲಿ, 1 ಗಂಟೆಗಿಂತ ಕಡಿಮೆ ಮಾಡಿದವರಿಗಿಂತ, ಈ ರೋಗದ ಮರಣ ಶೇಕಡ 61ರಷ್ಟು ಕಡಿಮೆಯೆಂದು ಕಂಡರು.

ಆದರೂ ಮೂಲ ಪ್ರಶ್ನೆ ಉಳಿಯುತ್ತದೆ: ನಡೆದುದರಿಂದ ರೋಗ ತಗ್ಗಿತೋ, ರೋಗ ಸೌಮ್ಯವಾಗಿದ್ದುದರಿಂದ ನಡೆಯಲು ಸಾಧ್ಯವಾಯಿತೋ? ಈ ಬಗೆಯ ಸಂದೇಹ ಹೊಸದಲ್ಲ. ಲಂಡನ್ನಿನ ಬಸ್ಸುಗಳಲ್ಲಿ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರಿಗೆ, ಕುಳಿತೇ ದುಡಿಯುವ ಚಾಲಕರಿಗಿಂತ ಹೃದ್ರೋಗ ಕಡಿಮೆಯೆಂದು ಜೆರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ತೋರಿಸಿದರು. 1956ರಲ್ಲಿ ಮಾರಿಸರೇ ಸಮವಸ್ತ್ರಗಳ ಅಳತೆಯನ್ನು ಪರಿಶೀಲಿಸಲಾಗಿ, ಚಾಲಕರ ಸೊಂಟವೇ ದೊಡ್ಡದೆಂದು ತಿಳಿಯಿತು. ಕೆಲಸವು ದೇಹವನ್ನು ರೂಪಿಸಿತೋ, ದೇಹವೇ ಕೆಲಸವನ್ನು ಆರಿಸಿತೋ ಎಂಬ ಪ್ರಶ್ನೆಗೆ ಎಡೆಯಾಯಿತು.

ಈ ತೊಡಕನ್ನು ಬಿಡಿಸುವ ಮಾರ್ಗವೆಂದರೆ, ಚೀಟಿಯೆತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ವ್ಯಾಯಾಮವನ್ನು ವಿಧಿಸುವುದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದವರು 52 ರೋಗಿಗಳಲ್ಲಿ 12 ವಾರ ಹೀಗೆ ಮಾಡಿ, 2021ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವ್ಯಾಯಾಮದ ಗುಂಪಿನಲ್ಲಿ ರಕ್ತದ ಪಿ.ಎಸ್.ಎ. ಅಂಶ, ಮತ್ತೊಂದು ಗುಂಪಿಗೆ ಹೋಲಿಸಿದರೆ, ತಗ್ಗಿತು. ಇಲ್ಲಿ ಕಾರಣವು ಕಾರ್ಯಕ್ಕಿಂತ ಮೊದಲಿದೆ. ಆದರೆ ಅಳೆದುದು ರಕ್ತದ ಅಂಶವನ್ನೇ ಹೊರತು ಆಯುಷ್ಯವನ್ನಲ್ಲ.

ರೋಗಿಯು ಶಕ್ತಿಯಿದ್ದಷ್ಟು ನಡೆಯಲಿ. ದೇಹಬಲಕ್ಕೂ ಹೃದಯಕ್ಕೂ ಅದರಿಂದ ಹಿತವುಂಟು. ಆದರೆ ‘ನಡೆದರೆ ರೋಗ ನಿಲ್ಲುತ್ತದೆ’ ಎಂದು ಸಾರುವವರು ಆ ಮಾತಿನ ಮರುಮುಖವನ್ನೂ ನೋಡಬೇಕು. ರೋಗ ಬೆಳೆದವನು ಸಾಕಷ್ಟು ನಡೆಯಲಿಲ್ಲವೆಂಬ ಆರೋಪ ಅದರೊಳಗೆ ಅಡಗಿದೆ. ಆ ಆರೋಪವನ್ನು ಹೊರಿಸುವಷ್ಟು ಸಾಕ್ಷ್ಯ ಈ ಅಧ್ಯಯನಗಳಲ್ಲಿ ಇಲ್ಲ.