ಪರದೆಯಾದ ತೋಟ

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಗೆಳೆಯರಿಬ್ಬರ ಜೊತೆ ತಿಪಟೂರಿನ ಸ್ಟುಡಿಯೋ ಒಂದರಲ್ಲಿ ಫೋಟೊ ತೆಗೆಸಿಕೊಂಡಿದ್ದೆ. ಹಿಂದೆ ಬಣ್ಣ ಬಳಿದ ಪರದೆ: ಕಡಲು, ಹಾಯಿದೋಣಿ, ದಡದಲ್ಲಿ ಬಾಗಿ ನಿಂತ ಎರಡು ತೆಂಗಿನ ಮರ. ಮೂವರೂ ತೋಟದ ಮನೆಯಿಂದಲೇ ಬಂದವರು. ಆದರೂ ಪರದೆಯ ತೆಂಗಿನ ಮುಂದೆ ನಿಲ್ಲಲು ಸೈಕಲ್ ತುಳಿದುಕೊಂಡು ಪೇಟೆಗೆ ಹೋಗಿದ್ದೆವು. ಅದರಲ್ಲೊಂದು ತಮಾಷೆ ಇದೆಯೆಂದು ಆಗ ಹೊಳೆದಿರಲಿಲ್ಲ.

ಈಗಿನ ಮಕ್ಕಳು ಪರದೆ ಬಿಟ್ಟು ತೋಟಕ್ಕೇ ಬಂದಿದ್ದಾರೆ. ಶಾಲೆಯ ಬೀಳ್ಕೊಡುಗೆಯ ಹೊತ್ತಿಗೆ ಅಮ್ಮನ ರೇಷ್ಮೆ ಸೀರೆ, ಅಣ್ಣನ ಕೂಲಿಂಗ್ ಗ್ಲಾಸ್, ಬಾಡಿಗೆಯ ಕ್ಯಾಮೆರಾದವನು. ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಒಂಟಿ ಫೋಟೊ ತೆಗೆಸಿಕೊಳ್ಳುವುದು ಅಮೆರಿಕದಲ್ಲಿ ಹಳೆಯ ರೂಢಿ. ನಮ್ಮ ಕಡೆ ಮಾತ್ರ ಅದರ ಭಂಗಿಗಳೆಲ್ಲ ಪ್ರೀ-ವೆಡ್ಡಿಂಗ್ ಶೂಟ್‌ನಿಂದ ಇಳಿದುಬಂದಂತಿವೆ: ಬೆನ್ನು ತೋರಿಸಿ ನಡೆಯುವುದು, ಸೆರಗು ಬೀಸುವುದು, ಮರಕ್ಕೊರಗಿ ದೂರ ನೋಡುವುದು. ಹದಿನಾರರ ಹುಡುಗಿ ಯಾರಿಗಾಗಿ ಹಾಗೆ ದೂರ ನೋಡಬೇಕೆಂದು ಯಾರೂ ಕೇಳುವುದಿಲ್ಲ.

ಹಾಗಂತ ಶಾಲೆಯ ಗ್ರೂಪ್ ಫೋಟೊದ ಕಾಲವೇ ಚೆನ್ನಾಗಿತ್ತು ಅನ್ನುವವನು ನಾನಲ್ಲ. ಅದರಲ್ಲಿ ಕುರ್ಚಿಯೆಲ್ಲ ಮೇಷ್ಟ್ರುಗಳಿಗೆ, ನಡುವಿನದು ಹೆಡ್ಮಾಸ್ಟರಿಗೆ. ಕುಳ್ಳರು ನೆಲಕ್ಕೆ, ಉದ್ದದವರು ಹಿಂದಿನ ಬೆಂಚಿನ ಮೇಲಕ್ಕೆ. ಮೂರನೇ ಸಾಲಿನಲ್ಲಿ ಯಾರದೋ ಭುಜದ ಹಿಂದೆ ಅರ್ಧ ಮುಖವಾಗಿ ಉಳಿದವರು ಬದುಕಿಡೀ ಅರ್ಧ ಮುಖವೇ. ಆದರೆ ಅದರಲ್ಲಿ ಎಲ್ಲರೂ ಇರುತ್ತಿದ್ದರು, ತುದಿಯಲ್ಲಿ ಅಟೆಂಡರ್ ಕೂಡ. ಒಂಟಿ ಶೂಟ್ ಪ್ರತಿ ಮಗುವಿಗೂ ಪೂರ್ತಿ ಮುಖ ಕೊಟ್ಟಿತು, ದುಡ್ಡು ಹೊಂದಿಸಲಾಗದವರನ್ನು ಹೊರಗಿಟ್ಟಿತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಕು.

2024ರ ಫೆಬ್ರುವರಿಯಲ್ಲಿ ತುರುವೇಕೆರೆ ರಸ್ತೆಯ ನೆಂಟರ ತೋಟದಲ್ಲಿ ಅವರ ಮಗಳ ಇಂಥದ್ದೊಂದು ಶೂಟ್ ನೋಡಿದೆ. ಮೂರು ಸಾವಿರ ರೂಪಾಯಿಗೆ ಮಾತಾಗಿತ್ತು. ಉಂಡೆ ಕೊಬ್ಬರಿಗೆ ಆ ವರ್ಷದ ಬೆಂಬಲ ಬೆಲೆ ಕ್ವಿಂಟಲಿಗೆ 12,000. ಅಂದರೆ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಒಣಗಿದ ಇಪ್ಪತ್ತೈದು ಕೆಜಿ ಕೊಬ್ಬರಿ. ಹುಡುಗಿಯ ಅಪ್ಪ ಈ ಲೆಕ್ಕವನ್ನು ಬಾಯಿಬಿಟ್ಟು ಹೇಳಲಿಲ್ಲ, ಮಾಡದೆಯೂ ಇರಲಿಲ್ಲ.

ಕ್ಯಾಮೆರಾ ಹುಡುಗನಿಗೆ ಕಸುಬು ಗೊತ್ತಿತ್ತು. ತೆಂಗಿನ ನೆರಳು ಮೋಸದ ನೆರಳು. ಗರಿಯ ಸಂದಿಯಿಂದ ಬಿದ್ದ ಬಿಸಿಲು ಮುಖದ ಮೇಲೆ ಬಿಳಿ ಚುಕ್ಕೆ ಬರೆಯುತ್ತದೆ. ಅವನು ಐದು ಗಂಟೆ ದಾಟುವವರೆಗೂ ಕಾದ. ಹುಡುಗಿಯನ್ನು ತೋಟದ ಅಂಚಿನ ಬದುವಿಗೆ ಕರೆತಂದು, ಇಳಿಬಿಸಿಲು ಬೆನ್ನಿಗೆ ಬರುವಂತೆ ನಿಲ್ಲಿಸಿದ. ಅವಳ ತಮ್ಮನ ಕೈಗೆ ಥರ್ಮೊಕೋಲ್ ಹಲಗೆ ಕೊಟ್ಟು ಮುಖಕ್ಕೆ ಬೆಳಕು ಹಾಯಿಸಿದ. "ಗದ್ದ ಒಂಚೂರು ಇಳ್ಸಮ್ಮ" ಎಂದ. ಕೂದಲಂಚಿನಲ್ಲಿ ಬಂಗಾರದ ಗೆರೆ ಮೂಡಿತು. ಇಷ್ಟಕ್ಕೆ ಅವನಿಗೆ ಪೂರ್ತಿ ಅಂಕ.

ಆಮೇಲಿನದಕ್ಕೆ ಕೊಡಲಾರೆ. ಲೆನ್ಸಿನ ಕಿಂಡಿಯನ್ನು ಆದಷ್ಟು ಅಗಲಿಸಿ ಹಿನ್ನೆಲೆಯನ್ನು ಕರಗಿಸಿಬಿಟ್ಟ. ಅಪ್ಪನ ತೋಟ ಹಸಿರು ಮಬ್ಬಾಯಿತು. ಕೇರಳವೋ ಕರಾವಳಿಯೋ ಹೇಳುವಂತಿಲ್ಲ. ನಮ್ಮ ಸ್ಟುಡಿಯೋದವನು ಪರದೆಯ ಮೇಲೆ ತೆಂಗು ಬರೆದಿದ್ದ. ಇವನು ನಿಜವಾದ ತೆಂಗನ್ನೇ ಪರದೆ ಮಾಡಿದ. ಮೇಲಾಗಿ ಕಂಪ್ಯೂಟರಿನಲ್ಲಿ ಮುಖವನ್ನು ಎರಡು ಮೂರು ಛಾಯೆ ಬೆಳ್ಳಗಾಗಿಸಿದ. ಯಾರೂ ಕೇಳಿರಲಿಲ್ಲ. ಪ್ಯಾಕೇಜಿನಲ್ಲೇ ಸೇರಿತ್ತು.

ನಡುವೆ ಇನ್ನೊಂದು ಫೋಟೊ ಬಂದಿತ್ತು. ಭಂಗಿ ಬದಲಿಸುವಾಗ ಪಾತಿಯಲ್ಲಿ ಒಣಗರಿಯೊಂದು ಅಡ್ಡ ಬಿದ್ದಿತ್ತು. ಹುಡುಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಟ್ಟೆ ಹಿಡಿದು ದರದರ ಎಳೆದು ಬದುವಿಗೆ ಹಾಕಿದಳು, ದಿನಾ ಮಾಡುವ ಕೆಲಸದಂತೆ. ಕ್ಯಾಮೆರಾ ಹುಡುಗ ಅದನ್ನೂ ಕ್ಲಿಕ್ಕಿಸಿದ. ಮೈಯೆಲ್ಲ ಒಂದೇ ಸೆಳೆತದಲ್ಲಿ ಬಾಗಿತ್ತು, ಮುಖದಲ್ಲಿ ಕ್ಯಾಮೆರಾದ ನೆನಪೇ ಇರಲಿಲ್ಲ. ನನ್ನ ಮಟ್ಟಿಗೆ ಆ ಸಂಜೆಯ ಒಳ್ಳೆಯ ಫೋಟೊ ಅದೇ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿದ ಹುಡುಗಿ, "ಅದ್ ಬ್ಯಾಡ ಅಣ್ಣ, ಕೂಲಿಯೋರ್ ಥರ ಕಾಣ್ತೀನಿ" ಅಂದಳು. ಅಳಿಸಿದ.

ಇಲ್ಲಿ ವಿಮರ್ಶಕ ಬಾಯಿ ತೆರೆಯುವ ಮೊದಲು ಸ್ವಲ್ಪ ತಡೆಯಬೇಕು. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಅಂಗವಾಗಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವನ್ನು ನೋಡಿ ಬೆಳೆದ ನನ್ನಂಥವರಿಗೆ ಭಂಗಿಯಿಲ್ಲದ ಮಗುವೇ ನಿಜವಾದ ಮಗು. ಆದರೆ ಈ ಹುಡುಗಿ ತನ್ನ ಚಿತ್ರ ತಾನೇ ತೆಗೆಸಿಕೊಳ್ಳುತ್ತಿದ್ದಾಳೆ. ಗರಿ ಎಳೆಯುವವಳಾಗಿ ನೆನಪಿನಲ್ಲಿ ಉಳಿಯುವುದು ಅವಳಿಗೆ ಬೇಡ. ಹತ್ತನೇ ತರಗತಿ ದಾಟುವ ಹುಡುಗಿಗೆ ಆ ಹಕ್ಕಿದೆ, ನನ್ನ ರುಚಿಗಾಗಿ ಅವಳು ಮಟ್ಟೆ ಹಿಡಿದು ನಿಲ್ಲಬೇಕಾಗಿಲ್ಲ.

ಹಾಗಾಗಿ ಸೀರೆಯ ಮೇಲೆ ನನಗೆ ತಕರಾರಿಲ್ಲ, ಸಿಂಗಾರದ ಮೇಲೂ ಇಲ್ಲ. ತಕರಾರಿರುವುದು ಅವಳು ಕೇಳದೇ ಇದ್ದ ಎರಡರ ಮೇಲೆ. ಬಣ್ಣ ಅವಳದು, ತೋಟ ಅವಳದು. ಎರಡನ್ನೂ ಕೇಳದೆ ತೆಗೆದರು. ರೇಷ್ಮೆ ಸೀರೆಯಲ್ಲೇ ನಿಲ್ಲಲಿ, ಅಟ್ಟದ ಮನೆಯ ಬಾಗಿಲಲ್ಲಿ ನಿಲ್ಲಲಿ. ಅಲ್ಲಿ ಹಗಲಿಡೀ ಒಂದು ಮಗ್ಗುಲಿಂದ ಬರುವ ಮೆತ್ತನೆಯ ಬೆಳಕು ಯಾವ ಸ್ಟುಡಿಯೋದಲ್ಲೂ ಸಿಗದು. ಲೆನ್ಸಿನ ಕಿಂಡಿ ಒಂದಿಷ್ಟು ಕಿರಿದಾದರೆ ಹಿಂದಿನ ಕಾಯಿರಾಶಿ ಕಾಯಿರಾಶಿಯಾಗಿಯೇ ಕಾಣುತ್ತದೆ. ಇದಕ್ಕೆ ಹೆಚ್ಚು ದುಡ್ಡೂ ಬೇಡ, ಹೊಸ ಕ್ಯಾಮೆರಾವೂ ಬೇಡ.

ವಾರದ ಮೇಲೆ ಫೋಟೊಗಳು ಅಪ್ಪನ ಮೊಬೈಲಿಗೆ ಬಂದವು. ಜಗಲಿಯಲ್ಲಿ ಕೂತು ಒಂದನ್ನು ಎರಡು ಬೆರಳಿನಿಂದ ಹಿಗ್ಗಿಸಿದರು. ಮಗಳ ಮುಖವನ್ನು ದಾಟಿ, ಭುಜದ ಹಿಂದಿನ ಹಸಿರಿನಲ್ಲಿ ಏನನ್ನೋ ಹುಡುಕಿದರು. ತೋಟದ ಒಂದೊಂದು ಮರದ ಬಾಗು, ಒಂದೊಂದು ಗೊನೆಯ ಲೆಕ್ಕ ಬಲ್ಲವರು.

"ಇದ್ಯಾವ್ ಮರ? ಬಾವಿ ತಾವಿಂದಾ?" ಅಂದರು.

ಮಗಳು ಬಗ್ಗಿ ನೋಡಿದಳು. ಅವಳಿಗೂ ಗೊತ್ತಾಗಲಿಲ್ಲ.