ಕೊಡಗಿನ ಹಾಡು: ಉಳಿದ ಪಠ್ಯ, ಉಳಿಯಬೇಕಾದ ವಿದ್ಯೆ

ಕೊಡಗಿನಲ್ಲಿ ಹಾಡಿಗೂ ಋತುವಿದೆ. ಏಪ್ರಿಲ್ ನಡುವಿನಲ್ಲಿ, ಎಡಮ್ಯಾರ್ ಒಂದರಂದು ಗದ್ದೆಗೆ ನೇಗಿಲಿಳಿಸಿ ಹೊಸ ವರ್ಷ ತೆರೆಯುವ ಕೊಡವರಿಗೆ ಯಾವ ಹಾಡು ಯಾವಾಗ ಎಂಬುದು ಮಳೆ-ಬೆಳೆಯ ಜೊತೆಯಲ್ಲೇ ಗೊತ್ತಾಗಿರುತ್ತದೆ. ಬೇಸಿಗೆಯ ಬೋಡ್ ನಮ್ಮೆಗಳಲ್ಲಿ ವೇಷ ಕಟ್ಟಿದವರು ಮನೆಯಿಂದ ಮನೆಗೆ ಹೋಗುತ್ತಾರೆ. ಮೇ ತಿಂಗಳ ಕೊನೆಗೆ ದೇವರಪುರದ ಕುಂಡೆ ಹಬ್ಬದಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ದೇವರನ್ನೇ ಬೈದು ಹಾಡುತ್ತಾರೆ. ವರ್ಷವಿಡೀ ತೋಟದಲ್ಲಿ ದುಡಿದವರಿಗೆ ಅಂದು ಬಾಯಿ ಬಿಚ್ಚುವ ಹಕ್ಕು. ಕಕ್ಕಡದ ಮಳೆಯಲ್ಲಿ ಗದ್ದೆಯ ಕೆಲಸ ಬಿಟ್ಟರೆ ಬೇರೆ ಮಂಗಳಕಾರ್ಯವಿಲ್ಲ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್, ಅಕ್ಟೋಬರ್‌ನಲ್ಲಿ ತಲಕಾವೇರಿಯ ತುಲಾ ಸಂಕ್ರಮಣ. ಭತ್ತ ಬಲಿತಾಗ ಪುತ್ತರಿ. ಆಗ ಮಂದ್‌ ಎಂಬ ಊರ ಬಯಲುಗಳಲ್ಲಿ ಕೋಲಾಟ್, ಬೊಳಕಾಟ್, ಪರೆಯಕಳಿ. ದುಡಿ ಹಿಡಿದ ಹಾಡುಗಾರರು ಮನೆಮನೆಗೆ ನಡೆದು ಮನೆಪಾಟ್ ಹಾಡುವುದೂ ಆ ದಿನಗಳಲ್ಲೇ. ಕೊಡಗಿನ ಹಾಡಿನ ವರ್ಷಕ್ಕೆ ಪುತ್ತರಿಯೇ ಶಿಖರ.

ಈ ಪರಂಪರೆಯ ಬಗ್ಗೆ ಬರೆಯುವಾಗಲೆಲ್ಲ ನಾವು ಅದರ ಅಂದವನ್ನು ಹೊಗಳಿ ಸುಮ್ಮನಾಗುತ್ತೇವೆ. ಕಪ್ಪು ಕುಪ್ಯ, ಕೆಂಪು ಚೇಲೆ, ಬೆಳ್ಳಿಯ ಪೀಚೆಕತ್ತಿ, ಚೌರಿ: ಕಣ್ಣಿಗೆ ಕಾಣುವುದು ಬೇಗ ಮನಸ್ಸಿಗಿಳಿಯುತ್ತದೆ. ಆದರೆ ಈ ಹಾಡಿನ ನಿಜವಾದ ಸತ್ವ ಇರುವುದು ಅದನ್ನು ಕಟ್ಟುವ ಬಗೆಯಲ್ಲಿ. ದುಡಿಕೊಟ್ಟ್ ಪಾಟ್‌ಗೆ ನಾಲ್ವರು ಬೇಕು, ನಾಲ್ವರ ಕೈಯಲ್ಲೂ ದುಡಿ. ಮೊದಲ ಜೋಡಿ ಒಂದು ಸಾಲು ಎತ್ತಿಕೊಡುತ್ತದೆ, ಎರಡನೆಯ ಜೋಡಿ ಅದನ್ನೇ ಮರಳಿ ಹಾಡುತ್ತದೆ. ಆ ಮರುಹಾಡಿನ ಬಿಡುವಿನಲ್ಲಿ ಮುಂದಾಳು ಮುಂದಿನ ಸಾಲನ್ನು ಹೊಂದಿಸಿಕೊಳ್ಳುತ್ತಾನೆ. ಹೊರಗಿನವರ ಕಿವಿಗೆ ಬೇಸರದ ಪುನರಾವರ್ತನೆ ಅನ್ನಿಸುವುದು ಹಾಡುಗಾರನಿಗೆ ಯೋಚಿಸಲು ಸಿಕ್ಕ ಕಾಲ. ರಾಗ ಸರಳ, ಸ್ವರಗಳು ಕೆಲವೇ. ಏಕೆಂದರೆ ಭಾರವೆಲ್ಲ ಮಾತಿನ ಮೇಲಿದೆ. ದೇವರ ಸ್ತುತಿ, ನಾಡಿನ ವರ್ಣನೆ, ಒಕ್ಕದ, ಅಂದರೆ ಮನೆತನದ, ಹಿರಿಮೆ — ಇವಕ್ಕೆಲ್ಲ ಪರಂಪರೆಯಿಂದ ಬಂದ ಸಾಲುಗಳುಂಟು. ಆದರೆ ಎದುರಿಗಿರುವ ಮನೆ ಯಾವುದು, ಮದುವಣಗಿತ್ತಿ ಯಾವ ಒಕ್ಕದವಳು, ತೀರಿಕೊಂಡವರು ಹೇಗೆ ಬಾಳಿದರು ಎಂಬುದನ್ನು ಆ ಸಾಲುಗಳ ನಡುವೆ ಆ ಹೊತ್ತಿಗೇ ಕೂರಿಸಬೇಕು. ಮನೆಪಾಟ್, ಮಂಗಲಪಾಟ್, ಚಾವ್ ಪಾಟ್ ಮೂರಕ್ಕೂ ಜೀವ ಬರುವುದು ಅಲ್ಲಿಂದ.

ಇದನ್ನು ಮರೆತು ನಾಡಿಕೇರಿಯಂಡ ಚಿಣ್ಣಪ್ಪ ಅವರ ‘ಪಟ್ಟೋಲೆ ಪಳಮೆ’ಯನ್ನು ಓದಿದರೆ ಆ ಪುಸ್ತಕದ ದೊಡ್ಡತನವೂ ತಿಳಿಯದು, ಅದರ ನಂತರ ಆದದ್ದೂ ತಿಳಿಯದು. ಪೊಲೀಸ್ ಇಲಾಖೆಯಲ್ಲಿದ್ದ ಚಿಣ್ಣಪ್ಪ ಊರೂರಿನ ಹಾಡು, ಗಾದೆ, ಒಗಟು, ಪದ್ಧತಿಗಳನ್ನು ಕಲೆಹಾಕಿ 1924ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಪುಸ್ತಕದ ಹೆಚ್ಚಿನ ಪಾಲು ಹಾಡುಗಳೇ. ಉತ್ತರ ಕರ್ನಾಟಕದಲ್ಲಿ ಹಲಸಂಗಿ ಗೆಳೆಯರ ‘ಗರತಿಯ ಹಾಡು’ ಬಂದದ್ದು 1931ರಲ್ಲಿ. ಅದಕ್ಕಿಂತ ಏಳು ವರ್ಷ ಮೊದಲೇ, ಒಂದು ಸಣ್ಣ ಸೀಮೆಯಲ್ಲಿ, ಒಬ್ಬರೇ ನಿಂತು ಇಷ್ಟು ಕೆಲಸ ಮಾಡಿದ್ದಾರೆ. 2003ರಲ್ಲಿ ಅವರ ಮೊಮ್ಮಕ್ಕಳಾದ ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಅದನ್ನು ಇಂಗ್ಲಿಷಿಗೂ ತಂದರು. ಈ ಪುಸ್ತಕ ಇಲ್ಲದಿದ್ದರೆ ಎಷ್ಟೋ ಹಾಡುಗಳು ಹಾಡಿದವರೊಂದಿಗೇ ಮಣ್ಣಾಗುತ್ತಿದ್ದವು. ಆ ಋಣ ದೊಡ್ಡದು.

ಆದರೆ ಚಿಣ್ಣಪ್ಪನವರು ಬರೆದುಕೊಂಡದ್ದು ಒಂದು ದಿನ, ಒಂದು ಕಡೆ, ಒಬ್ಬ ಹಾಡುಗಾರ ಹಾಡಿದ ರೂಪವನ್ನು. ಅಚ್ಚಾದ ಮೇಲೆ ಅದೇ ಹಾಡಿನ ಪ್ರಮಾಣವಾಗುವ ಅಪಾಯ ಹುಟ್ಟಿತು. ಯುಗೊಸ್ಲಾವಿಯಾದ ವೀರಗಾಥೆಗಳ ಹಾಡುಗಾರರ ಬಗ್ಗೆ ಮಿಲ್ಮನ್ ಪ್ಯಾರಿ ಆರಂಭಿಸಿದ ಅಧ್ಯಯನವನ್ನು ಮುಂದುವರಿಸಿದ ಆಲ್ಬರ್ಟ್ ಲಾರ್ಡ್ 1960ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ಎಚ್ಚರಿಸಿದ. ಅಕ್ಷರ ಕಲಿತ ಮಾತ್ರಕ್ಕೆ ಮೌಖಿಕ ಪರಂಪರೆ ಸಾಯುವುದಿಲ್ಲ. ಅಚ್ಚಾದ ಪಠ್ಯವೇ ಸರಿ, ಅದನ್ನು ಬಾಯಿಪಾಠ ಮಾಡಿ ಒಪ್ಪಿಸುವುದೇ ಹಾಡುಗಾರಿಕೆ ಎಂದು ನಂಬಿದಾಗ ಸಾಯುತ್ತದೆ. ಇಂದು ಕೊಡಗಿನ ವೇದಿಕೆಗಳಲ್ಲಿ ಆಗುತ್ತಿರುವುದು ಬಹುಮಟ್ಟಿಗೆ ಅದೇ. ಶಾಲಾ ವಾರ್ಷಿಕೋತ್ಸವ, ಸಮಾಜಗಳ ಸಭೆ, ಸರ್ಕಾರಿ ಉತ್ಸವ ಎಲ್ಲ ಕಡೆಯೂ ಹಾಡಿಗೆ ಕೆಲವೇ ನಿಮಿಷಗಳ ಅವಕಾಶ. ಅಷ್ಟರಲ್ಲಿ ಯಾರ ಮನೆಯನ್ನು ಹಾಡುವುದು, ಯಾವ ಸಾವನ್ನು ನೆನೆಯುವುದು? ಆರಂಭದ ಸ್ತುತಿಯ ಭಾಗ ಹಾಡಿ ಇಳಿಯುತ್ತಾರೆ.

ಹೆಂಗಸರ ಕುಣಿತವಾದ ಉಮ್ಮತ್ತಾಟ್‌ನ ಕಥೆ ಬೇರೆ. ನೀರು ತುಂಬಿದ ಕಿಂಡಿ ಹಿಡಿದ ಒಬ್ಬಳು ಕಾವೇರಮ್ಮೆಯಾಗಿ ನಡುವೆ ನಿಲ್ಲುತ್ತಾಳೆ. ಉಳಿದವರು ತಾಳ ಬಡಿಯುತ್ತ ಸುತ್ತ ಕುಣಿಯುತ್ತಾರೆ. ಈ ಕಲೆಗೆ ಬಾಳು ಸವೆಸಿದ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇಡೀ ಜಿಲ್ಲೆಗೆ ಸಂದ ಮನ್ನಣೆ. ಕುಣಿತವೇ ಮುಖ್ಯವಾದ ಇಂಥ ಕಲೆಗಳಿಗೆ ವೇದಿಕೆ ನಿಜಕ್ಕೂ ನೆರವಾಗಿದೆ, ಹುಡುಗಿಯರು ಕಲಿಯುತ್ತಿದ್ದಾರೆ. ಹಾಗಾಗಿ ವೇದಿಕೆಯನ್ನು ದೂರಿ ಫಲವಿಲ್ಲ. ಮಾತೇ ಮುಖ್ಯವಾದ ಹಾಡಿಗೆ ಅದು ಸಾಲದು, ಅಷ್ಟೇ.

ಪರಂಪರೆಯ ಒಳಗಿನ ಒಂದು ಕೊರತೆಯನ್ನೂ ಹೇಳಲೇಬೇಕು. ಪುಸ್ತಕಗಳಲ್ಲೂ ಸನ್ಮಾನಗಳಲ್ಲೂ ಹಾಡಿದವರ, ಕುಣಿದವರ ಹೆಸರಿರುತ್ತದೆ. ಹಬ್ಬಕ್ಕೆ ಪರೆ ಬಡಿಯುವ ಮೇದರು, ಒಲಗ ಊದುವ ಕೆಂಬಟ್ಟಿ ಸಮುದಾಯದವರು ‘ವಾದ್ಯದವರು’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಾರೆ. ಒಲಗವಿಲ್ಲದೆ ಕೊಡವರ ಮದುವೆಯಿಲ್ಲ, ಹೆಜ್ಜೆ ಹಾಕುವವರ ಕಾಲಿಗೆ ಲಯ ಕೊಡುವವರು ಇವರೇ. ಯರವರ, ಕುರುಬರ ಹಾಡುಗಳಿಗಂತೂ ‘ಪಟ್ಟೋಲೆ ಪಳಮೆ’ಗೆ ಸಮನಾದ ಸಂಗ್ರಹ ಇನ್ನೂ ಬಂದಿಲ್ಲ. ಕೊಡಗಿನ ಸಂಗೀತ ಎಂದರೆ ಕೊಡವರ ಸಂಗೀತ ಮಾತ್ರ ಎಂದುಕೊಂಡರೆ ಕೊಡಗಿನ ಹಾಡಿನ ವರ್ಷದ ಅರ್ಧ ಹಾಡು ನಮ್ಮ ಕಿವಿಗೇ ಬೀಳುವುದಿಲ್ಲ.

ಗದ್ದೆಯ ಪ್ರಶ್ನೆಯೂ ಹಾಡಿನ ಉಳಿವಿನೊಂದಿಗೆ ಹೆಣೆದುಕೊಂಡಿದೆ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಮುಹೂರ್ತ ಗೊತ್ತುಮಾಡಿ ಕದಿರು ಕೊಯ್ಯುವ ಪುತ್ತರಿಗೆ ಮೊದಲು ಭತ್ತ ಇರಬೇಕು. ಕೂಲಿಯ ಖರ್ಚು, ಕಾಡಾನೆಗಳ ಕಾಟ, ಮಕ್ಕಳು ಬೆಂಗಳೂರು-ಮೈಸೂರು ಸೇರಿದ್ದು, ಕಾಫಿಯ ಆಸೆ — ಇವೆಲ್ಲ ಸೇರಿ ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ ಇಲ್ಲವೇ ತೋಟವಾಗಿವೆ. ನಗರದ ಕೊಡವ ಸಮಾಜಗಳಲ್ಲಿ ನಡೆಯುವ ಪುತ್ತರಿ ಪ್ರೀತಿಯಿಂದಲೇ ನಡೆಯುತ್ತದೆ. ಆದರೆ ಅಲ್ಲಿ ಮನೆಯಿಂದ ಮನೆಗೆ ನಡೆಯುವ ದಾರಿಯಿಲ್ಲ. ದಾರಿಯಿಲ್ಲದ ಕಡೆ ಮನೆಪಾಟ್ ಹುಟ್ಟುವುದು ಕಷ್ಟ.

ಹಾಗಾದರೆ ಮಾಡಬೇಕಾದ್ದೇನು? 1994ರಲ್ಲಿ ಸ್ಥಾಪನೆಯಾದ ಕೊಡವ ಸಾಹಿತ್ಯ ಅಕಾಡೆಮಿ, ಮಡಿಕೇರಿ ಆಕಾಶವಾಣಿ, ಊರೂರಿನ ಸಮಾಜಗಳು ಸಂಗ್ರಹದ ಕೆಲಸದ ಜೊತೆ ಕಟ್ಟುವ ವಿದ್ಯೆಯನ್ನು ಕಲಿಸಬೇಕು. ಸ್ಪರ್ಧೆಯಲ್ಲಿ ಅಚ್ಚಾದ ಹಾಡು ಒಪ್ಪಿಸಿದವರಿಗೆ ಬಹುಮಾನ ಕೊಡುವ ಬದಲು ಎದುರಿಗಿರುವ ಒಂದು ಮನೆಯನ್ನು, ಒಂದು ಬಾಳನ್ನು ಹಾಡಿ ತೋರಿಸಿ ಎಂದು ಕೇಳಬೇಕು. ಹಳೆಯ ಹಾಡುಗಾರರ ಬಳಿ ಎಳೆಯರನ್ನು ಎರಡನೆಯ ಜೋಡಿಯಾಗಿ ಕೂರಿಸಬೇಕು. ಮರುಹಾಡುತ್ತ ಹಾಡುತ್ತಲೇ ಸಾಲು ಎತ್ತುವುದು ಬರುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ, ಗದ್ದೆ, ತೋಟ ಕಳೆದುಕೊಂಡ ಊರುಗಳಿವೆ. ಆ ನೋವನ್ನು ದುಡಿಯ ಪೆಟ್ಟಿಗೆ ಹೊಂದಿಸಿ, ಪರಂಪರೆಯ ಸಾಲುಗಳ ನಡುವೆ ಕೂರಿಸಿ ಹಾಡಬಲ್ಲ ನಾಲ್ವರು ಪ್ರತಿ ನಾಡಿನಲ್ಲೂ ಇದ್ದರೆ ಈ ಪರಂಪರೆ ಬದುಕಿದೆ ಎಂದು ಧೈರ್ಯವಾಗಿ ಹೇಳಬಹುದು. ಚಿಣ್ಣಪ್ಪನವರ ಋಣ ತೀರುವುದು ಅವರು ಬರೆದುಕೊಂಡದ್ದನ್ನು ಕಾಪಾಡಿದ ಮಾತ್ರಕ್ಕಲ್ಲ. ಇನ್ನೊಬ್ಬ ಚಿಣ್ಣಪ್ಪ ಬಂದು ಬರೆದುಕೊಳ್ಳುವಂಥ ಹೊಸ ಹಾಡುಗಳು ಹುಟ್ಟಿದಾಗ.